ಎರವಲು ಭಾಷಣದ ಮಾಸ್ತರರು

ಸಾರ್ವಜನಿಕ ಬದುಕಿನಲ್ಲಿ ಮಾತು ಹೇಗೆ ಹುಟ್ಟುತ್ತದೆ, ಯಾರ ಕಿವಿಗೆ ಬೀಳುತ್ತದೆ, ಬಿದ್ದ ಮೇಲೆ ಅಲ್ಲಿ ಏನು ಮಾಡುತ್ತದೆ ಎಂಬುದನ್ನು ಹೈದರಾಬಾದಿನ ಕಾಲೇಜುಗಳಲ್ಲಿ ಕಲಿಸಿದ ವಿದ್ವಾಂಸರು ಹಲವರಿದ್ದಾರೆ. ಆದರೆ ಅದನ್ನು ಮೂರು ದಶಕ ಕಲಿಸುತ್ತ, ತಮ್ಮ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಆಡಳಿತ ಮಂಡಳಿಯನ್ನೂ ಕೈಹಿಡಿದ ಧರ್ಮಪತ್ನಿಯನ್ನೂ ಯಾವ ಭೇದಭಾವವಿಲ್ಲದೆ ಸಮನಾಗಿ ಸುಸ್ತು ಮಾಡಿದ ಹಿರಿಮೆ ಪ್ರೊ. ಪ್ರಹ್ಲಾದ ಗುರುಗುಂಟಿಯವರೊಬ್ಬರದೇ. ಅವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಇನ್ನು ಮುಂದಾದರೂ ವಿಭಾಗದಲ್ಲಿ ಶಾಂತಿ ನೆಲೆಸೀತು ಎಂದು ಕಾದಿದ್ದವರೆಲ್ಲ ಈಗ ಮುಖ ಸಪ್ಪಗೆ ಮಾಡಿಕೊಂಡು ಓಡಾಡುತ್ತಿದ್ದಾರೆ.

ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಅವರ ಸಂಶೋಧನ ಮಾರ್ಗದರ್ಶನದ ಕುರಿತು ಬರೆಯಬೇಕಾಗಿದ್ದವಳು ಅವರ ಶಿಷ್ಯೆ ಶರ್ವರಿ. ಸಂಪಾದಕರು ಫೋನು ಮಾಡಿ ಕೇಳಿದಾಗ ಆಕೆ, "ನಾ ಬರದ್ರ ಬರೇ ಬೈಗಳಾ ಬರೀತೀನ್ರಿ, ಅಚ್ಚು ಹಾಕಾಕ ಆಗೂದಿಲ್ಲ," ಎಂದು ಇಟ್ಟುಬಿಟ್ಟಳಂತೆ. ಆ ಬೈಗಳನ್ನೆಲ್ಲ ವರ್ಷಗಟ್ಟಲೆ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡ ಸಹೋದ್ಯೋಗಿಯ ಪಾಲಿಗೆ ಈ ಕೆಲಸ ಬಂದಿದೆ. ಆದ್ದರಿಂದ ಇಲ್ಲಿ ಹೇಳುವುದು ಶರ್ವರಿಯ ಸಂಗತಿ. ಪ್ರಹ್ಲಾದರ ಹಿರಿಮೆ ಬೇಕಾದವರು ಅದನ್ನು ಇದರೊಳಗೇ ಹುಡುಕಿಕೊಳ್ಳಬೇಕು.

ಪ್ರಹ್ಲಾದರು ರಾಯಚೂರು ಸೀಮೆಯವರು. ತಂದೆಯವರ ಸರ್ಕಾರಿ ನೌಕರಿಯ ಕಾರಣದಿಂದ ಚಿಕ್ಕಂದಿನಲ್ಲೇ ಹೈದರಾಬಾದಿಗೆ ಬಂದು, ಇಲ್ಲಿಯೇ ಓದಿ, ನಮ್ಮ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದವರು, ಕೆಲವು ವರ್ಷಗಳ ಮೇಲೆ ಸಾರ್ವಜನಿಕ ಸಂವಹನ ಎಂಬ ಎಂ.ಫಿಲ್. ಕೋರ್ಸನ್ನು ಹಠ ಹಿಡಿದು ಶುರು ಮಾಡಿದರು. ಅದು ಬೇರೂರುವ ಹೊತ್ತಿಗೆ ಕೊಂಡಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುವ ಕೆಲಸ ಭರದಿಂದ ನಡೆದಿತ್ತು. ಸಂವಹನವೆಂದರೆ ಸಂದರ್ಶನದಲ್ಲಿ ಕೈಕುಲುಕುವ ಕಲೆ ಎಂದು ಇಡೀ ಊರು ತೀರ್ಮಾನಿಸಿಬಿಟ್ಟಿತ್ತು. ಆಡಳಿತ ಮಂಡಳಿಯವರೂ, ಕಂಪ್ಯೂಟರ್ ಕಂಪನಿಗಳಿಗೆ ತಕ್ಕ ಹುಡುಗ ಹುಡುಗಿಯರನ್ನು ತಯಾರು ಮಾಡಿಕೊಡಿ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಪ್ರಹ್ಲಾದರು ಹೂಂ ಎಂದು ತಲೆಯಾಡಿಸಿ ಬಂದು, ತಮ್ಮ ವಿದ್ಯಾರ್ಥಿಗಳನ್ನು ವಾರ್ಡ್ ಸಭೆಗಳಿಗೆ, ನೀರಿನ ಟ್ಯಾಂಕರಿನ ಜಗಳಗಳಿಗೆ, ರಸ್ತೆ ಅಗಲ ಮಾಡುವ ಅಹವಾಲು ಸಭೆಗಳಿಗೆ ಅಟ್ಟುತ್ತಿದ್ದರು. ಜನ ಅಲ್ಲಿ ಹೇಗೆ ವಾದಿಸುತ್ತಾರೆ, ಹೇಗೆ ಹೆದರಿಸುತ್ತಾರೆ, ಹೇಗೆ ಒಲಿಸಿಕೊಳ್ಳುತ್ತಾರೆ ಎಂಬುದನ್ನು ನೋಡಿ ಬರೆಯಬೇಕು, ಅಷ್ಟೆ. ಮಂಡಳಿಯವರು ತಲೆ ತಲೆ ಚಚ್ಚಿಕೊಂಡರು.

ಇಷ್ಟೆಲ್ಲ ಕಲಿಸುವ ಮನುಷ್ಯ ಸ್ವತಃ ದೊಡ್ಡ ವಾಗ್ಮಿಯಾಗಿರಬೇಕೆಂದು ಹೊರಗಿನವರು ಊಹಿಸುವುದುಂಟು. ಅಯ್ಯೋ ದೇವರೇ. ವೇದಿಕೆ ಹತ್ತಿದ ಪ್ರಹ್ಲಾದರು ಮೊದಲು ಕನ್ನಡಕ ಹುಡುಕುತ್ತಾರೆ, ಆಮೇಲೆ ಹಾಳೆ ಹುಡುಕುತ್ತಾರೆ, ಆಮೇಲೆ ಹಾಳೆಯೊಳಗೆ ಸಾಲು ಹುಡುಕುತ್ತಾರೆ. ಸಾಲು ಸಿಕ್ಕ ಮೇಲೂ 'ಅಂದ್ರ, ಅಂದ್ರ' ಎಂದು ಊರುಗೋಲು ಊರಿಕೊಂಡೇ ಮುಂದೆ ಸಾಗುತ್ತಾರೆ. ಅವರ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಮುಖ್ಯ ಅತಿಥಿಗಳ ಕಾರಿನ ಡ್ರೈವರು ಎರಡು ಬಾರಿ ಬಂದು ಇಣುಕಿ ಹೋಗಿರುತ್ತಿದ್ದ. ಆದರೆ ಒಂದನ್ನು ಹೇಳಬೇಕು. ತೊದಲುವ ಹುಡುಗನೊಬ್ಬನ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಪದೇ ಪದೇ ಗಡಿಯಾರ ನೋಡತೊಡಗಿದಾಗ, ಎದ್ದು ಹೋಗಿ ಗೋಡೆಯ ಗಡಿಯಾರವನ್ನೇ ಕಳಚಿ ತಮ್ಮ ಕೈಚೀಲದೊಳಗೆ ಇಟ್ಟುಕೊಂಡು ಬಂದು ಕುಳಿತವರು ಇವರೇ. ಆ ಹುಡುಗ ಪಾಸಾದ. ಗಡಿಯಾರ ಮಾತ್ರ ವಾರಗಟ್ಟಲೆ ಚೀಲದಲ್ಲೇ ಇದ್ದು, ಕಚೇರಿಯವರು ಊರೆಲ್ಲ ಹುಡುಕಿದರು.

ಇನ್ನು ಅವರ ಪ್ರಸಿದ್ಧ ಪದ್ಧತಿ. ಅದಕ್ಕೆ ಎರವಲು ಭಾಷಣ ಎಂದು ಹೆಸರು. ವಿದ್ಯಾರ್ಥಿಯು ಯಾವ ಭಾಷಣಕಾರನನ್ನು ತನ್ನ ಪ್ರಬಂಧದಲ್ಲಿ ಟೀಕಿಸಬೇಕೆಂದಿದ್ದಾನೋ ಆತನ ವಾದವನ್ನು ಮೊದಲು ತಾನೇ ಎರವಲು ಪಡೆದು, ಆತನ ಜನರ ಮುಂದೆಯೇ ನಿಂತು, ಆತನ ಪರವಾಗಿ ಭಾಷಣ ಮಾಡಬೇಕು. ಅದನ್ನು ಕೇಳಿದ ಆ ಭಾಷಣಕಾರ, ಹೌದು, ಇದು ನನ್ನ ಮಾತೇ, ಎಂದು ಒಪ್ಪಬೇಕು. ಅಲ್ಲಿಯವರೆಗೆ ಟೀಕೆಯ ಒಂದು ಸಾಲನ್ನೂ ಬರೆಯುವಂತಿಲ್ಲ, ಬರೆದರೆ ಪ್ರಹ್ಲಾದರ ಸಹಿ ಬೀಳುವುದಿಲ್ಲ. ಈ ಪದ್ಧತಿಯಿಂದಾಗಿ ಒಬ್ಬ ಸಸ್ಯಾಹಾರಿ ಹುಡುಗ ಮಟನ್ ಅಂಗಡಿಯವರ ಸಂಘದಲ್ಲಿ ಭಾಷಣ ಮಾಡಿದ್ದಾನೆ. ಗೊಣಗಿಕೊಳ್ಳದೆ ಇದನ್ನು ಮಾಡಿದ ಒಬ್ಬ ವಿದ್ಯಾರ್ಥಿಯನ್ನೂ ನಾವು ಕಂಡಿಲ್ಲ.

ಶರ್ವರಿ ಬಂದದ್ದು ಈ ಪದ್ಧತಿ ಬೇರುಬಿಟ್ಟು ನಿಂತ ಕಾಲದಲ್ಲಿ. ಕಲಬುರಗಿ ಕಡೆಯಿಂದ ಬಂದು ದಿಲ್‌ಸುಖ್‌ನಗರದಲ್ಲಿ ನೆಲೆಸಿದ ಮನೆತನ. ತಾತ, ತಂದೆ ಇಬ್ಬರೂ ಸರ್ಕಾರಿ ಕಚೇರಿಗಳಲ್ಲಿದ್ದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಎಲ್ಲಿ ನಿಲ್ಲಿಸಿದರೂ ಹುಡುಗಿ ಮಾತಿನಲ್ಲಿ ಸೈ. ನಮ್ಮ ವಿಭಾಗ ಕಂಡ ಅತಿ ಒಳ್ಳೆಯ ಮಾತುಗಾರ್ತಿ ಅವಳು ಎಂಬುದರಲ್ಲಿ ಎರಡು ಮಾತಿಲ್ಲ. ಕೊಂಡಾಪುರದ ಕಂಪನಿಯೊಂದು ಅವಳನ್ನು ಆಗಲೇ ಗುರುತಿಸಿ, ತನ್ನ ನೌಕರರಿಗೆ ಮಾತು ಕಲಿಸುವ ಹುದ್ದೆಗೆ ಆರಿಸಿಕೊಂಡಿತ್ತು. ಷರತ್ತು ಒಂದೇ: ಬೇಸಿಗೆಯೊಳಗೆ ಎಂ.ಫಿಲ್. ಮುಗಿದಿರಬೇಕು. ಆದ್ದರಿಂದ ಬೇಗ ಮುಗಿಯುವ ವಿಷಯವೊಂದು ಬೇಕೆಂದು ಅವಳು ಮಣಿಕೊಂಡದ ಹಂಸಧಾರಾ ಕಾಲೊನಿಯನ್ನು ಆರಿಸಿಕೊಂಡಳು.

ಹಂಸಧಾರಾ ಹೊಸದಾಗಿ ಎದ್ದ ಕಾಲೊನಿ. ಅದರ ಹಿಂದಿನಿಂದ ಒಂದು ಕಾಲುದಾರಿ ಹಾದುಹೋಗುತ್ತಿತ್ತು. ಹಳೆಯ ಮಣಿಕೊಂಡದ ಹೆಂಗಸರು ಕೆಲಸದ ಮನೆಗಳಿಗೆ, ಮಕ್ಕಳು ಶಾಲೆಗೆ, ಎಲ್ಲರೂ ಬಸ್ಸಿಗೆ ಅದೇ ದಾರಿಯಲ್ಲಿ ಹೋಗಿ ಬರುತ್ತಿದ್ದರು. ಕಾಲೊನಿ ಬರುವ ಮೊದಲಿನಿಂದಲೂ ಇದ್ದ ದಾರಿ ಅದು. ಅದಕ್ಕೆ ಗೇಟು ಹಾಕಿ ಬೀಗ ಜಡಿಯಬೇಕೆಂದು ನಿವಾಸಿಗಳ ಸಂಘದ ಅಧ್ಯಕ್ಷ ಸುಬ್ಬಣ್ಣನವರು ಪ್ರತಿ ಸಭೆಯಲ್ಲೂ ವಾದಿಸುತ್ತಿದ್ದರು. ಮೈಸೂರು ಕಡೆಯವರು, ನಿವೃತ್ತ ಎಂಜಿನಿಯರು, ಕಂಚಿನ ಕಂಠ. ಆದರೂ ಸಭೆ ಅತ್ತ ಇತ್ತ ಹೊಯ್ದಾಡುತ್ತಲೇ ಇತ್ತು, ಠರಾವು ಪಾಸಾಗುತ್ತಿರಲಿಲ್ಲ. ಭಯವನ್ನು ಬಿತ್ತಿ ಜನರನ್ನು ಒಲಿಸುವ ಮಾತುಗಾರಿಕೆಗೆ ಸುಬ್ಬಣ್ಣನವರ ಭಾಷಣವೇ ತಕ್ಕ ಉದಾಹರಣೆ ಎಂದು ಶರ್ವರಿ ಬರೆಯಲಿದ್ದಳು. ದಾರಿ ಮುಚ್ಚುವುದು ಅನ್ಯಾಯ ಎಂದು ಅವಳ ಖಚಿತ ಅಭಿಪ್ರಾಯ.

"ಮೊದ್ಲ ಸುಬ್ಬಣ್ಣನವರ ಭಾಷಣ ಮಾಡು," ಎಂದರು ಪ್ರಹ್ಲಾದರು.

"ಸರ್, ನನಗ ಟೈಮಿಲ್ರಿ. ಬ್ಯಾಸಗಿಯೊಳಗ ಮುಗಸಬೇಕು. ಇದೊಂದ್ಸಲ ಬಿಡ್ರಿ."

"ಬಿಡಾಕ ಬರೂದಿಲ್ಲ. ಮಾಡಿ ಬಾ."

ಶರ್ವರಿ ಹಲ್ಲು ಕಚ್ಚಿಕೊಂಡು ಹೋದಳು. ಸುಬ್ಬಣ್ಣನವರಿಗೆ ತಮ್ಮ ಮೇಲೆ ಸಂಶೋಧನೆ ನಡೆಯುತ್ತಿದೆಯೆಂದು ಮೊದಲೇ ಹಿಗ್ಗು. ಭಾನುವಾರದ ಸಭೆಯಲ್ಲಿ ಸಂತೋಷದಿಂದ ಅವಕಾಶ ಕೊಟ್ಟರು. ಇದು ಕಾಲೇಜಿನ ಅಭ್ಯಾಸ, ನನ್ನ ಸ್ವಂತ ಅಭಿಪ್ರಾಯವಲ್ಲ, ಎಂದು ಶರ್ವರಿ ಆರಂಭದಲ್ಲೇ ಹೇಳಿದಳು. ಆಮೇಲೆ ಶುರು ಮಾಡಿದಳು. ಸುಬ್ಬಣ್ಣನವರು ಕಳ್ಳಕಾಕರ ಬಗ್ಗೆ ಗುಡುಗುತ್ತಿದ್ದ ಕಡೆ ಅವಳು ದನಿ ತಗ್ಗಿಸಿದಳು. ಮನೆಯಲ್ಲಿ ಒಬ್ಬರೇ ಇರುವ ಮುದುಕಿಯ ಬಾಗಿಲು ಮಧ್ಯಾಹ್ನ ಯಾರೋ ತಟ್ಟಿದರೆ ಹೇಗಿರುತ್ತದೆ ಎಂದು ಕೇಳಿ, ಸುಮ್ಮನೆ ನಿಂತಳು. ಹಿಂದಿಯಲ್ಲಿ ಶುರುವಾದದ್ದು ಸರಿಯಾದ ಜಾಗದಲ್ಲಿ ತೆಲುಗಿಗೆ ತಿರುಗಿತು. ಅವಳಿಗೇ ಗೊತ್ತಿಲ್ಲದೆ ಮೈಯಲ್ಲಿ ಹುರುಪು ಏರಿತು. ಎದುರಿಗಿನ ಮುಖಗಳು ಒಂದೊಂದಾಗಿ ತನ್ನ ಕಡೆ ವಾಲುವುದನ್ನು ಕಾಣುತ್ತ, ಆ ಸುಖದಲ್ಲಿ, ತಾನು ಯಾರ ಪರ ಮಾತಾಡುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಯಿತು. ಮುಗಿಸಿ ಕೂರುವಷ್ಟರಲ್ಲಿ ಯಾರೋ ಎದ್ದು ಗೇಟಿನ ಠರಾವು ಈಗಲೇ ಮತಕ್ಕೆ ಹಾಕಿ ಎಂದರು. ಹಾಕಿದರು. ಅಷ್ಟು ತಿಂಗಳು ಹೊಯ್ದಾಡಿದ ಸಭೆ ಒಂದೇ ಉಸಿರಿಗೆ ಕೈ ಎತ್ತಿತು.

"ನನಗಿಂತ ಚೆನ್ನಾಗಿ ಮಾಡಿದೆ ಕಣಮ್ಮ," ಎಂದು ಸುಬ್ಬಣ್ಣನವರು ಅವಳ ತಲೆ ಸವರಿದರು.

ಶರ್ವರಿ ಕೂತಲ್ಲೇ ಕೂತಿದ್ದಳು. ಜನ ಹೋದ ಮೇಲೆ ಕುರ್ಚಿ ಜೋಡಿಸಲು ಸಾಬಮ್ಮ ಬಂದಳು. ಕಾಲೊನಿಯ ನಾಲ್ಕಾರು ಮನೆಗಳಲ್ಲಿ ಪಾತ್ರೆ ತಿಕ್ಕುವ, ಸಂಘದ ಜಾಗವನ್ನೂ ಗುಡಿಸುವ ಹೆಂಗಸು. ಯಾದಗಿರಿ ಕಡೆಯಿಂದ ದುಡಿಯಲು ಬಂದು ಹಳೆಯ ಮಣಿಕೊಂಡದಲ್ಲಿ ಇದ್ದವಳು. ದಿನಾ ಬರುವುದು ಅದೇ ಕಾಲುದಾರಿಯಲ್ಲಿ. ಭಾಷಣದುದ್ದಕ್ಕೂ ಅವಳು ಕಂಬದ ಹಿಂದೆ ನಿಂತು ಕೇಳಿದ್ದಳು.

"ಭಾಳ ಛಂದ ಮಾತಾಡ್ತೀರಿ ಅಕ್ಕಾರ," ಎಂದಳು ಸಾಬಮ್ಮ. ಅವಳ ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. "ಆ ಮುದುಕಿ ಮಾತು ಕೇಳಿ ನನಗೂ ಗೇಟು ಹಾಕೂದ ಚಲೋ ಅನಸ್ತ್ರಿ."

ಅಲ್ಲಿಂದ ಶರ್ವರಿ ನೇರ ಬಂದದ್ದು ಪ್ರಹ್ಲಾದರ ದಿಲ್‌ಸುಖ್‌ನಗರದ ಮನೆಗೆ. ಬಸ್ಸಿನುದ್ದಕ್ಕೂ ಸಿಟ್ಟು ಕುದಿದಿತ್ತು, ಬಾಗಿಲಲ್ಲಿ ನಿಂತಾಗ ಅದು ಅಳುವಾಗಿತ್ತು.

"ಸರ್, ಠರಾವು ಪಾಸಾತ್ರಿ. ನನ್ನ ಭಾಷಣ ಕೇಳಿ."

ಪ್ರಹ್ಲಾದರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಸುಬ್ಬಣ್ಣನವ್ರು ಒಪ್ಪಿದ್ರೇನು, ತಮ್ಮ ಮಾತ ಅಂತ?"

"ಒಪ್ಪಿದ್ರಿ."

"ಹಂಗಾದ್ರ ನೀ ಪಾಸು," ಎಂದರು. ಕನ್ನಡಕ ಹಾಕಿಕೊಂಡು, "ಪದ್ಧತೀನ ಫೇಲು," ಎಂದರು.

ಇಷ್ಟಕ್ಕೇ ನಿಲ್ಲಿಸಿ ಸಹಿ ಹಾಕಿದ್ದರೆ ಅವರು ಪ್ರಹ್ಲಾದರೇ ಆಗುತ್ತಿರಲಿಲ್ಲ. ಶರ್ವರಿ ಉಳಿದ ಅಧ್ಯಾಯಗಳನ್ನು ಬರೆದು ತಂದಾಗ, ಇನ್ನೊಂದು ಅಧ್ಯಾಯ ಬೇಕೆಂದರು. ಅವಳ ಭಾಷಣವೂ ಈಗ ಆ ಕಾಲೊನಿಯ ಸಾರ್ವಜನಿಕ ಮಾತಿನೊಳಗೆ ಸೇರಿಕೊಂಡಿದೆ; ಅದು ಯಾರನ್ನು ಹೇಗೆ ತಿರುಗಿಸಿತು, ಆಮೇಲೆ ಯಾರಿಗೆ ಏನಾಯಿತು ಎಂಬುದನ್ನು ಬಿಟ್ಟು ಪ್ರಬಂಧ ಮುಗಿಯುವುದು ಹೇಗೆ?

"ನೀವ ಮಾಡಂದ್ರಿ, ನಾ ಮಾಡಿದೆ. ಈಗ ಅದನ್ನೂ ನಾನ ಬರೀಬೇಕೇನ್ರಿ?" ಎಂದು ಶರ್ವರಿ ಕೂಗಾಡಿದ್ದು ನಮ್ಮ ಕೋಣೆಗೂ ಕೇಳಿಸಿತು.

"ಹೌದು. ನಾ ಮಾಡಂದೆ ಅನ್ನೂದನ್ನೂ ಬರಿ. ನನ್ನ ಹೆಸರು ಹಾಕು."

ಅವಳು ಮತ್ತೆ ಮಣಿಕೊಂಡಕ್ಕೆ ಅಲೆದಳು. ದಾರಿಗೆ ಗೇಟು ಎದ್ದು ಬೀಗ ಬಿದ್ದಿತ್ತು. ಹಳೆಯ ಊರಿನವರೆಲ್ಲ ಬಂಡೆಯ ಹಿಂದಿನಿಂದ, ಜಲ್ಲಿ ಲಾರಿಗಳು ಓಡಾಡುವ ರಸ್ತೆಯಲ್ಲಿ ಸುತ್ತು ಹಾಕಿ ಹೋಗುತ್ತಿದ್ದರು. ಅಷ್ಟು ದೂರ ಸುತ್ತಿ ಹೊತ್ತಿಗೆ ಸರಿಯಾಗಿ ಬರಲಾರದೆ ಸಾಬಮ್ಮ ಕಾಲೊನಿಯ ಮನೆಗಳನ್ನು ಕಳೆದುಕೊಂಡಿದ್ದಳು. ಬಸ್ಸು ಹಿಡಿದು ಬೇರೆಲ್ಲೋ ಕೆಲಸಕ್ಕೆ ಹೋಗುತ್ತಾಳೆ ಎಂದಷ್ಟೇ ಗೊತ್ತಾಯಿತು. ಶರ್ವರಿ ಅದನ್ನೆಲ್ಲ ಬರೆದಳು. ಬರೆಯುತ್ತ ಬೇಸಿಗೆ ಮುಗಿಯಿತು, ಕಂಪನಿ ಅವಳ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡಿತು. ಮುಂದಿನ ವರ್ಷ ಅದೇ ಕಂಪನಿ ಅವಳನ್ನೂ ಕರೆಯಿತು, ಆ ಬೇರೊಬ್ಬಳ ಕೈಕೆಳಗೆ. ಪ್ರಹ್ಲಾದರು ಕೊನೆಗೂ ಸಹಿ ಹಾಕಿದ ದಿನ ಶರ್ವರಿ ಪ್ರಬಂಧವನ್ನು ಎತ್ತಿಕೊಂಡು, ನಮಸ್ಕಾರವನ್ನೂ ಹೇಳದೆ ಹೋದಳು. ಪದವಿ ಅವಳದಾಯಿತು, ಗೇಟು ಹಾಗೆಯೇ ಉಳಿಯಿತು. ಆ ಕಡೆ ಹೋಗುವ ಬಸ್ಸು ಕಂಡರೂ ಅವಳು ಮುಖ ತಿರುಗಿಸುತ್ತಿದ್ದಳು. ಕಂಪನಿಯಲ್ಲಿ ಫೋನಿನಲ್ಲಿ ನಗುನಗುತ್ತ ಮಾತಾಡುವುದನ್ನು ಹುಡುಗರಿಗೆ ಕಲಿಸಿದಳೇ ಹೊರತು, ಸಭೆಯೊಂದರಲ್ಲಿ ತಾನೇ ಎದ್ದು ನಿಂತು ಮಾತಾಡುವುದನ್ನು ಬಿಟ್ಟೇಬಿಟ್ಟಳು. ನಾಲಗೆ ಏಳಲು ಹೊರಟಾಗಲೆಲ್ಲ ಸಾಬಮ್ಮನ ಹೊಗಳಿಕೆ ಕಿವಿಯಲ್ಲಿ ಕೇಳುತ್ತಿತ್ತು.

ಮೂರ್ನಾಲ್ಕು ವರ್ಷಗಳ ಮೇಲೆ ಒಂದು ಸಂಜೆ, ದಿಲ್‌ಸುಖ್‌ನಗರದ ಸೀರೆಯಂಗಡಿಯಲ್ಲಿ, ಅವಳಿಗೆ ಪ್ರಹ್ಲಾದರ ಮಡದಿ ವನಜಾ ಅವರು ಸಿಕ್ಕರು. ಸರ್ ಹೇಗಿದ್ದಾರೆ ಎಂದು ಬಾಯಿಮಾತಿಗೆ ಕೇಳಿದ್ದೇ ತಪ್ಪಾಯಿತು.

"ಹೆಂಗಿರ್ತಾರವ್ವಾ," ಎಂದರು ವನಜಾ ಅವರು, ಸೀರೆಯನ್ನು ಹಾಗೇ ಹಾಸಿನ ಮೇಲೆ ಬಿಟ್ಟು. "ಇಲ್ಲಿ ನಮ್ಮ ಸ್ವಂತ ಮನಿ ಐತಿ. ಕಾಲೇಜು ಹತ್ರ, ಮಾರ್ಕೆಟ್ಟು ಹತ್ರ, ನನ್ನ ತಂಗಿ ಹತ್ರ. ಎಲ್ಲಾ ಬಿಟ್ಟು ಮಣಿಕೊಂಡದ ಹಂಸಧಾರಾದಾಗ ಬಾಡಿಗಿ ಮನಿ ಮಾಡ್ಯಾರ. ಊರಿನ ಆ ಮೂಲಿಯಿಂದ ಈ ಮೂಲಿಗೆ ಎರಡು ಬಸ್ಸು ಬದಲಿ ಮಾಡಿ ಕಾಲೇಜಿಗೆ ಬರ್ತಾರ. ಯಾಕ ಅಂತ ಕೇಳು. ಅಲ್ಲಿರೋರು ಮಾತ್ರ ಸಂಘದಾಗ ಮಾತಾಡಬೇಕಂತ. ಯಾವುದೋ ಬೀಗಾ ತೆಗಸಬೇಕಂತ. ನೆಟ್ಟಗ ಎರಡು ಮಾತು ಆಡಾಕ ಬರೂದಿಲ್ಲ, ವಾದಾ ಮಾಡಾಕ ಮನಿ ಬದಲಿ ಮಾಡೋ ಗಂಡಸನ್ನ ಎಲ್ಲ್ಯಾರ ನೋಡೀಯೇನು?"

ಶರ್ವರಿ ಯಾವಾಗಿನಿಂದ ಎಂದು ಕೇಳಿ, ತಿಂಗಳು ಲೆಕ್ಕ ಹಾಕಿದಳು. ತನ್ನ ಪ್ರಬಂಧಕ್ಕೆ ಸಹಿ ಬಿದ್ದ ಮರುತಿಂಗಳೇ ಈ ಮನುಷ್ಯ ಮನೆ ಬದಲಿಸಿದ್ದರು. ಅವಳಿಗೆ ಒಂದು ಮಾತು ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ; ಬೆಳಗಿನ ಪಿರಿಯಡ್‌ಗಳಿಗೆ ಏದುಸಿರು ಬಿಡುತ್ತ ಬರುತ್ತಿದ್ದುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ಸಂಘದ ನಿಯಮದಂತೆ, ಒಮ್ಮೆ ಪಾಸಾದ ಠರಾವನ್ನು ರದ್ದು ಮಾಡಬೇಕಾದರೆ ವಾರ್ಷಿಕ ಸಭೆಯಲ್ಲಿ ಒಬ್ಬ ನಿವಾಸಿ ಸೂಚಿಸಬೇಕು, ಇನ್ನೊಬ್ಬ ನಿವಾಸಿ ಅನುಮೋದಿಸಬೇಕು. ಪ್ರಹ್ಲಾದರು ಪ್ರತಿ ವರ್ಷ ಸೂಚಿಸುತ್ತಿದ್ದರು, ಹಾಳೆ ಹುಡುಕುತ್ತ ಭಾಷಣ ಮಾಡುತ್ತಿದ್ದರು, ಒಬ್ಬರೂ ಅನುಮೋದಿಸುತ್ತಿರಲಿಲ್ಲ. ಠರಾವು ಮತಕ್ಕೆ ಬರುವ ಮೊದಲೇ ಬಿದ್ದುಹೋಗುತ್ತಿತ್ತು. ಸುಬ್ಬಣ್ಣನವರನ್ನು ಎದುರು ಹಾಕಿಕೊಳ್ಳುವ ಉಸಾಬರಿ ಯಾರಿಗೆ ಬೇಕು?

ಮರುದಿನವೇ ಶರ್ವರಿ ಕಾಲೇಜಿಗೆ ಬಂದು ಪ್ರಹ್ಲಾದರ ಮೇಜಿನ ಮುಂದೆ ನಿಂತಳು.

"ನನಗ ಒಂದು ಮಾತು ಹೇಳಬಾರದಿತ್ತೇನ್ರಿ? ನಾ ಬಂದು ಮಾತಾಡಿದ್ರ ಒಂದ ಸಭಾದಾಗ ಮುಗೀತಿತ್ತು."

"ಅದಕ್ಕ ಹೇಳಲಿಲ್ಲ," ಎಂದರು ಪ್ರಹ್ಲಾದರು. "ನೀ ಮಾತಾಡಿದ್ರ ಗೆಲ್ತಿ. ಆವಾಗ ನಿನ್ನ ಮಾತು ಕೇಳಿ ಮುಚ್ಚಿದ್ರು, ಈಗ ನಿನ್ನ ಮಾತು ಕೇಳಿ ತೆಗೀತಾರ. ನಾಳೆ ನಿನಗಿಂತ ಛಂದ ಮಾತಾಡೋರು ಬಂದ್ರ ಮತ್ತ ಮುಚ್ತಾರ. ಆ ಮಂದಿ ತಾವ ವಿಚಾರ ಮಾಡಿ ತೆಗೀಲಿ."

"ಅವ್ರು ವಿಚಾರ ಮಾಡೂತನಕಾ ಆ ಹೆಂಗಸ್ರು ಲಾರಿ ನಡುವ ಅಡ್ಡಾಡಬೇಕೇನ್ರಿ?"

ಪ್ರಹ್ಲಾದರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ತಲೆ ತಗ್ಗಿಸಿದ್ದನ್ನು ಕಂಡು ಶರ್ವರಿಗೆ ಮೊದಲ ಸಲ ಸಿಟ್ಟಿನ ಜೊತೆ ಮರುಕವೂ ಬಂತು, ಮರುಕ ಬಂದಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಕೊಂಡಾಪುರದ ಕೆಲಸಕ್ಕೆ ಹತ್ತಿರವಾಗುತ್ತದೆ ಎಂದು ಮನೆಯವರಿಗೆ ಹೇಳಿ, ಒಂದೆರಡು ತಿಂಗಳಲ್ಲಿ ಅವಳು ಹಂಸಧಾರಾದಲ್ಲಿ ಗೆಳತಿಯೊಬ್ಬಳ ಜೊತೆ ಬಾಡಿಗೆಗೆ ಬಂದಳು.

ಕಳೆದ ವರ್ಷದ ವಾರ್ಷಿಕ ಸಭೆ ನಡೆದದ್ದು ಒಂದು ಭಾನುವಾರ ಬೆಳಿ‌ಗ್ಗೆ, ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ. ಬಾಕಿ ವಿಷಯಗಳೆಲ್ಲ ಮುಗಿದ ಮೇಲೆ ಸುಬ್ಬಣ್ಣನವರು ನಿಟ್ಟುಸಿರು ಬಿಟ್ಟು, "ಹೇಳಿ ಮೇಷ್ಟ್ರೇ," ಎಂದರು. ಪ್ರಹ್ಲಾದರು ಎದ್ದರು. ಕನ್ನಡಕ ಸಿಕ್ಕಿತು, ಹಾಳೆ ಸಿಕ್ಕಿತು. ಗೇಟು ಹಾಕಬೇಕೆನ್ನುವವರ ವಾದವನ್ನು ಮೊದಲು ಪ್ರಾಮಾಣಿಕವಾಗಿ, ಅಷ್ಟೇ ನೀರಸವಾಗಿ ಒಪ್ಪಿಸಿದರು. ಆಮೇಲೆ ತಮ್ಮ ವಾದಕ್ಕೆ ಬಂದರು. ದಾರಿ ಮೊದಲು ಬಂತು, ಕಾಲೊನಿ ಆಮೇಲೆ ಬಂತು ಎನ್ನುವಲ್ಲಿಗೆ ಪಕ್ಕದ ಫ್ಯಾನಿನ ಗಾಳಿಗೆ ಹಾಳೆ ಹಾರಿ ಕಾರೊಂದರ ಕೆಳಗೆ ಸೇರಿತು. ಪ್ರಹ್ಲಾದರು 'ಅಂದ್ರ, ಅಂದ್ರ' ಎನ್ನುತ್ತ ನಿಂತರು.

"ಸರ್, ಇದಾದ್ಮೇಲೆ ಸ್ಕೂಲ್ ಮಕ್ಕಳದ್ದು," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ಪ್ರತಿ ವರ್ಷ ಕೇಳಿ ಕೇಳಿ ಆ ಭಾಷಣ ಬಾಯಿಪಾಠವಾಗಿದ್ದ ಸಾಫ್ಟ್‌ವೇರ್ ಹುಡುಗ ರೋಹಿತ, ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ತಲೆಯನ್ನೂ ಎತ್ತಿರಲಿಲ್ಲ.

"ಹಾಂ, ಶಾಲಿ ಹುಡುಗ್ರು," ಎಂದರು ಪ್ರಹ್ಲಾದರು. "ಅಂದ್ರ, ಆ ಹುಡುಗ್ರು, ಅಂದ್ರ..."

ಮುಂದೆ ಬರಲೊಲ್ಲದು. ಸಭೆ ಕಾದಿತು. ಒಳ್ಳೆಯ ಮಾತುಗಾರನಿಗೆ ಅರ್ಧಕ್ಕೆ ನಿಂತ ವಾಕ್ಯದಷ್ಟು ಹಿಂಸೆ ಇನ್ನೊಂದಿಲ್ಲ. ಸುಬ್ಬಣ್ಣನವರು ಕುರ್ಚಿಯಲ್ಲಿ ಮೂರು ಸಲ ಹೊರಳಾಡಿ, ತಡೆಯಲಾರದೆ ಎದ್ದುಬಿಟ್ಟರು.

"ಬಂಡೆ ಹಿಂದಿನ ದಾರಿ ಮೇಷ್ಟ್ರೇ. ಜಲ್ಲಿ ಲಾರಿ ಓಡಾಡೋ ದಾರಿ. ಏಳೆಂಟು ವರ್ಷದ ಮಕ್ಕಳು ಒಂದು ಕೈಲಿ ಚೀಲ, ಇನ್ನೊಂದು ಕೈಲಿ ತಮ್ಮಂದಿರನ್ನ ಹಿಡ್ಕೊಂಡು ಆ ಲಾರಿಗಳ ಪಕ್ಕದಲ್ಲೇ ಹೋಗ್ತಾವೆ. ನಮ್ಮ ಮಕ್ಕಳನ್ನ ನಾವು ಆ ದಾರೀಲಿ ಒಂದು ದಿನ ಕಳಿಸ್ತೀವಾ? ಇಷ್ಟೇ ತಾನೇ? ಇಷ್ಟು ಹೇಳೋಕೆ ಪ್ರತಿ ವರ್ಷ ಇಷ್ಟು ಹೊತ್ತು ಬೇಕೇನ್ರಿ?"

ಆ ಕಂಚಿನ ಕಂಠದಲ್ಲಿ ಆ ಮಾತು ನೆಲಮಾಳಿಗೆಯ ತುಂಬ ನಿಂತಿತು. ತಾವೇನು ಹೇಳಿದೆವೆಂದು ಸುಬ್ಬಣ್ಣನವರಿಗೆ ಆಮೇಲೆ ಹೊಳೆಯಿತು. ಕೂತುಕೊಂಡರು. "ಅನುಮೋದಿಸೋರು ಯಾರಾದ್ರೂ ಇದ್ದೀರಾ?" ಎಂದು ಪ್ರತಿ ವರ್ಷದ ಪ್ರಶ್ನೆಯನ್ನು ಪ್ರತಿ ವರ್ಷಕ್ಕಿಂತ ಸಣ್ಣ ದನಿಯಲ್ಲಿ ಕೇಳಿದರು.

ಶರ್ವರಿ ಎದ್ದು ನಿಂತಳು. ಹಳಬರೆಲ್ಲ ಅವಳ ಹಿಂದಿನ ಭಾಷಣ ನೆನೆದು ಮುಂದಕ್ಕೆ ಸರಿದು ಕೂತರು. ಅವಳ ಎದೆಯಲ್ಲಿ ಇಡೀ ಭಾಷಣ ಸಿದ್ಧವಾಗಿ ನಿಂತಿತ್ತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ತೆಲುಗಿಗೆ ಹೊರಳಬೇಕು, ಎಲ್ಲಿ ಸಾಬಮ್ಮನ ಹೆಸರು ತಂದು ಸುಮ್ಮನಾಗಬೇಕು, ಎಲ್ಲ. ಎದುರಿಗಿನ ಮುಖಗಳು ಆಗಲೇ ವಾಲತೊಡಗಿದ್ದವು. ಪ್ರಹ್ಲಾದರು ಅವಳತ್ತ ನೋಡಲಿಲ್ಲ, ಕಾರಿನ ಕೆಳಗಿನ ಹಾಳೆಗಾಗಿ ಬಗ್ಗಿದ್ದರು.

"ಅನುಮೋದಿಸ್ತೀನಿ," ಎಂದು ಶರ್ವರಿ ಕೂತಳು.

"ಏನಾದ್ರೂ ಹೇಳಮ್ಮ. ನಾನು ಉತ್ತರ ಕೊಡಬೇಕಲ್ಲ," ಎಂದರು ಸುಬ್ಬಣ್ಣನವರು.

"ಹೇಳೋದು ಏನಿಲ್ಲ ಅಂಕಲ್. ನೀವೇ ಹೇಳಿದ್ರಲ್ಲ."

ಜನ ತಮ್ಮ ತಮ್ಮಲ್ಲೇ ಏನೋ ತೂಗಿನೋಡುತ್ತ ಕೂತಿದ್ದನ್ನು ನೋಡುವುದು ಶರ್ವರಿಗೆ ಅಸಾಧ್ಯ ಹಿಂಸೆಯಾಯಿತು. ಒಂದು ವಾಕ್ಯ ಆಡಿದರೆ ಆ ಹಿಂಸೆ ಮುಗಿಯುತ್ತಿತ್ತು. ಅವಳು ಆಡಲಿಲ್ಲ. ರೋಹಿತ ಲ್ಯಾಪ್‌ಟಾಪ್ ಮುಚ್ಚಿ ಕೈ ಎತ್ತಿದ. ಅವನ ಪಕ್ಕದವರು ಎತ್ತಿದರು. ಕೈಗಳು ಒಂದೊಂದಾಗಿ, ಅನುಮಾನಿಸುತ್ತ, ಆಚೀಚೆ ನೋಡುತ್ತ ಎದ್ದವು. ಕೆಲವು ಎದ್ದು ಮತ್ತೆ ಇಳಿದವು, ಮತ್ತೆ ಎದ್ದವು. ಸುಬ್ಬಣ್ಣನವರು ಎಣಿಸಿ, ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿ, ಠರಾವು ಪಾಸಾಯಿತು ಎಂದರು.

"ಮುಂದಿನ ವರ್ಷ ಈ ಭಾಷಣ ಇಲ್ಲ ತಾನೇ ಮೇಷ್ಟ್ರೇ?"

"ಇಲ್ರಿ," ಎಂದರು ಪ್ರಹ್ಲಾದರು, ಸಿಕ್ಕ ಹಾಳೆಯ ಧೂಳು ಒರೆಸುತ್ತ. "ಬ್ಯಾರೆ ಒಂದು ವಿಷಯಾ ಐತಿ."

ಇಡೀ ನೆಲಮಾಳಿಗೆ ನರಳಿತು. ದಿಲ್‌ಸುಖ್‌ನಗರಕ್ಕೆ ಮರಳಲು ಪೆಟ್ಟಿಗೆ ಕಟ್ಟಿಕೊಂಡಿದ್ದ ವನಜಾ ಅವರಿಗೆ ಈ ಸುದ್ದಿ ಹೇಗೆ ಮುಟ್ಟಿತು, ಅವರೇನೆಂದರು ಎಂಬುದು ಅಭಿನಂದನ ಗ್ರಂಥದಲ್ಲಿ ಅಚ್ಚಾಗುವ ಮಾತಲ್ಲ. ಪ್ರಹ್ಲಾದ ದಂಪತಿಗಳು ಈಗಲೂ ಮಣಿಕೊಂಡದಲ್ಲೇ ಇದ್ದಾರೆ.

ಬೀಗ ತೆಗೆದ ಮರುದಿನದಿಂದ ಪ್ರಹ್ಲಾದರು ಬೆಳಿಗ್ಗೆ ಆ ಕಾಲುದಾರಿಯಲ್ಲಿ ತಿರುಗಾಡಲು ಶುರು ಮಾಡಿದರು. ಅವರ ನಡಿಗೆಯೂ ಅವರ ಭಾಷಣದ ಹಾಗೆಯೇ; ದಾರಿಯ ನಟ್ಟನಡುವೆ, ನಿಂತು ನಿಂತು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಶರ್ವರಿ ಅವರನ್ನು ಅಲ್ಲಿ ಕಂಡಳು. ಅವರ ಬೆನ್ನ ಹಿಂದೆಯೇ, ಬಸ್ಸಿಗೆ ಹೊತ್ತಾಯಿತೆಂದು ದಾಪುಗಾಲು ಹಾಕುತ್ತ ಬರುತ್ತಿದ್ದವಳು ಸಾಬಮ್ಮ. ಅವಳಿಗೆ ಈ ಮುದುಕರು ಯಾರೆಂದು ಗೊತ್ತಿಲ್ಲ, ಸಭೆ, ಠರಾವು, ಬಾಡಿಗೆ ಮನೆ ಯಾವುದೂ ಗೊತ್ತಿಲ್ಲ. ದಾರಿ ತೆರೆದಿತ್ತು, ಬಂದಿದ್ದಳು.

"ಅಡ್ಡ ನಿಂದರಬ್ಯಾಡ್ರಿ ಯಜಮಾನ್ರ. ಸರೀರಿ ಬಾಜೂಕ, ಬಸ್ಸು ಹೋಗ್ತೈತಿ," ಎಂದು ಗದರಿದಳು ಸಾಬಮ್ಮ.

ಶರ್ವರಿಗೆ ತಡೆಯಲಾಗಲಿಲ್ಲ. ಈ ದಾರಿಯ ಸಲುವಾಗಿ ಈ ಮನುಷ್ಯ ಎಷ್ಟು ವರ್ಷ ಎಷ್ಟು ಬಸ್ಸು ಹತ್ತಿಳಿದಿದ್ದಾರೆ ಎಂದು ಹೇಳಿಬಿಡಲು ಬಾಯಿ ತೆರೆದಳು. ಪ್ರಹ್ಲಾದರು ಅವಳನ್ನು ನೋಡಿ, ಬೇಡ ಎಂದು ಕೈ ಆಡಿಸಿ, ಗಡಿಬಿಡಿಯಿಂದ ಬದಿಯ ಕಲ್ಲಿನ ಮೇಲೆ ಹತ್ತಿ ನಿಂತರು. ಸಾಬಮ್ಮ ತಿರುಗಿಯೂ ನೋಡದೆ ಹಾದುಹೋದಳು. ಬಸ್ಸು ಸಿಕ್ಕಿತು. ಅದನ್ನು ಕಂಡ ಪ್ರಹ್ಲಾದರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ತನಗೆ ಅಲ್ಲೇ ನಿಂತು ಅಳಬೇಕೆನಿಸಿತು ಎಂದು ಶರ್ವರಿ ಹೇಳುತ್ತಾಳೆ, ಹೇಳಿ, ಅವರನ್ನು ಬೈಯುತ್ತಾಳೆ.

ಪ್ರಾಧ್ಯಾಪಕ ಪ್ರಹ್ಲಾದ ಗುರುಗುಂಟಿಯವರಿಗೆ ದೀರ್ಘಾಯುಷ್ಯವನ್ನೂ, ವನಜಾ ಅವರಿಗೆ ಅದನ್ನು ತಾಳಿಕೊಳ್ಳುವ ಆರೋಗ್ಯವನ್ನೂ ಭಗವಂತ ಕರುಣಿಸಲಿ. ಅವರ ಕೆಲಸಕ್ಕೆ ನಿವೃತ್ತಿಯಿಲ್ಲವೆಂದು ಹಂಸಧಾರಾದ ನಿವಾಸಿಗಳಿಗೆ ಈಗಾಗಲೇ ತಿಳಿದಿದೆ. ಆ ದಾರಿಯ ನಟ್ಟನಡುವೆ ನಿಂತು ಅವರು ಇನ್ನೂ ಬಹಳ ವರ್ಷ ಬಸ್ಸಿಗೆ ಹೊರಟ ಹೆಂಗಸರಿಂದ ಬೈಸಿಕೊಳ್ಳುತ್ತಿರಲಿ.